ತೊಡೆ ಕೆಳಗಿನ ಕೈಗಳು

17 ಏಪ್ರಿಲ್ 1997

ಸೋನಾಲಿಗೆ ಕಿವಿ ಕೇಳುವುದಿಲ್ಲ. ಬರೆದುಬಿಟ್ಟೆ. ಎರಡು ದಿನದಿಂದ ಬಾಯಲ್ಲಿ ಹೇಳಲು ಆಗಿರಲಿಲ್ಲ.

ಸರಕಾರಿ ದವಾಖಾನೆಯ ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಇರಬೇಕು ಅಂದರು. ಐದು ವರ್ಷ ನಿಮಗೆ ಗೊತ್ತೇ ಆಗಲಿಲ್ಲವೇ ಎಂದು ಡಾಕ್ಟರ್ ಮರಾಠಿಯಲ್ಲಿ ಕೇಳಿದ. ನಾನು, ಚಂದಮ್ಮ, ಕಟ್ಟಡ ಕೂಲಿ ಹೆಂಗಸರ ಸಂಘದವಳು, ಪೊಲೀಸರ ಎದುರೂ ಬಾಯಿ ಮುಚ್ಚದವಳು, ನೆಲ ನೋಡಿದೆ.

ಗೊತ್ತಾಗಲಿಲ್ಲ. ಯಾಕೆಂದು ಹೇಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಸೈಟಿನಲ್ಲಿ ಕಾಂಕ್ರೀಟ್ ಕಲಸುವ ಮಿಕ್ಸರ್ ತಿರುಗುವಾಗ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ನಾಲ್ಕನೇ ಮಾಳಿಗೆಯ ಗೌಂಡಿ ಕೆಳಗಿನ ಮಿಕ್ಸರಿನವನಿಗೆ ಕೈಯಲ್ಲೇ ಹೇಳಬೇಕು. ಮುಷ್ಟಿ ಎತ್ತಿದರೆ ನಿಲ್ಲು. ಅಂಗೈ ಅಗಲ ಮಾಡಿ ಆಡಿಸಿದರೆ ಸಾಕು. ತೋರುಬೆರಳನ್ನು ಗಾಳಿಯಲ್ಲಿ ಸುತ್ತಿದರೆ ಇನ್ನೊಂದು ಬುಟ್ಟಿ ಮಾಲು ತಾ, ಕೆಳಗಿನವನೂ ತಿರುಗಿ ಸುತ್ತಿದರೆ ತರುತ್ತೇನೆ. ಹೆಬ್ಬೆರಳು ತುಟಿಗೆ ಹೋದರೆ ನೀರು. ಸೋನಾಲಿ ಮರಳಿನ ಗುಡ್ಡೆಯ ಮೇಲೆ ಬೆಳೆದವಳು, ನಡೆಯುವ ಮೊದಲೇ ಇದನ್ನೆಲ್ಲ ಕಲಿತಳು. ಮಿಕ್ಸರ್ ನಡೆಸುವವನು ಅವಳ ಅಪ್ಪ. ಗಂಡನ ಹೆಸರು ಹೇಳಬಾರದಂತೆ. ಬರೆಯುತ್ತೇನೆ: ತಾಯಪ್ಪ. ಅಪ್ಪ ಮಗಳು ದಿನವಿಡೀ ಕೈಯಲ್ಲಿ ಹರಟುತ್ತಿದ್ದರು. ಎಲ್ಲರೂ ಜಾಣೆ ಎಂದು ಹೊಗಳುತ್ತಿದ್ದರು. ಮಾತು ತಡವಾಗಿ ಬರುತ್ತದೆ, ಕೆಲವು ಕೂಸುಗಳಿಗೆ ಹಾಗೆ, ಎಂದುಕೊಂಡೆವು.

ಪಕ್ಕದ ಖಣಿಯಲ್ಲಿ ಮದ್ದು ಇಟ್ಟು ಕಲ್ಲು ಸಿಡಿಸಿದಾಗ ಲೇಬರ್ ಕ್ಯಾಂಪಿನ ಕೂಸುಗಳೆಲ್ಲ ಚೀರುತ್ತಿದ್ದವು. ಇವಳು ರೆಪ್ಪೆ ಬಡಿಯುತ್ತಿರಲಿಲ್ಲ. ಅದನ್ನು ನಾನು ಸಭೆಯಲ್ಲಿ ಮೈಕ್ ಹಿಡಿದು ಹೇಳಿದ್ದೆ: ನೋಡಿರಿ, ಹೋರಾಟಗಾರ್ತಿಯ ಹೊಟ್ಟೆಯ ಹುಲಿಮರಿ, ಸಿಡಿಮದ್ದಿಗೂ ಅಂಜುವುದಿಲ್ಲ. ಜನ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ಈಗ ನನ್ನ ಕೆನ್ನೆಗೆ ಬೀಳುತ್ತಿದೆ.

ಮೊನ್ನೆ ಹದಿನಾಲ್ಕರಂದು, ಜಯಂತಿಯ ದಿನ, ನಾನು ವೇದಿಕೆಯ ಮೇಲೆ ಹಾಡುತ್ತಿದ್ದೆ. ಸೋನಾಲಿ ಸ್ಪೀಕರ್ ಡಬ್ಬಿಗೆ ಕಿವಿ ಹಚ್ಚಿ ಮಲಗಿ ನಿದ್ದೆ ಹೋಗಿದ್ದಳು. ಅದನ್ನು ಕಂಡು ನನ್ನನ್ನು ಕೆಳಗೆ ಕರೆದವಳು ಯಂಕವ್ವ, ನನ್ನ ಜೊತೆ ಬುಟ್ಟಿ ಹೊರುವವಳು, ಹೆಬ್ಬೆಟ್ಟಿನವಳು. ಓದು ಬರಹ ಬಲ್ಲ ನನಗೆ ಕಾಣಲಿಲ್ಲ. ನಾನು ಹಾಡುತ್ತಿದ್ದೆ.

9 ಜೂನ್

ದವಾಖಾನೆಯಲ್ಲಿ ಕಿವಿ ಪರೀಕ್ಷೆ ಮಾಡಿದ ಹೆಣ್ಣುಮಗಳು ಎರಡು ಶಾಲೆ ಹೇಳಿದ್ದಳು. ಒಂದು ಇಲ್ಲೇ ಪಟ್ಟಣದೊಳಗೆ, ಕ್ಯಾಂಪ್ ಬಡಾವಣೆಯಲ್ಲಿ. ಕಿವಿಗೆ ಮಶೀನ್ ಹಾಕಿ ಬಾಯಿಂದ ಮಾತು ಕಲಿಸುತ್ತಾರೆ. ಇನ್ನೊಂದು ಇಂದಾಪುರದ ಕಡೆ. ಅಲ್ಲೇ ಹಾಸ್ಟೆಲಿನಲ್ಲಿ ಬಿಡಬೇಕು. ಅಲ್ಲಿ ಕೈಯಲ್ಲೇ ಪಾಠ, ಕೈಯಲ್ಲೇ ಮಾತು.

ನನಗೆ ಯೋಚನೆಯೇ ಬೇಕಾಗಲಿಲ್ಲ. ಸಾವಿರಾರು ವರ್ಷ ನಮ್ಮವರ ಬಾಯಿ ಮುಚ್ಚಿಸಿದರು. ನನ್ನವ್ವ ಗೌಡರ ಅಂಗಳದಲ್ಲಿ ಕೆಮ್ಮಲೂ ಹೆದರಿದವಳು. ನಾನು ಬಾಯಿ ತೆರೆದೆ. ನನ್ನ ಮಗಳು ಕೈ ತಿರುಗಿಸುತ್ತ ನಿಲ್ಲಬೇಕೇ? ಸಾಧ್ಯವಿಲ್ಲ. ಮಾತಾಡಬೇಕು. ಮೈಕಿನ ಮುಂದೆ ಮಾತಾಡಬೇಕು.

ತಾಯಪ್ಪ ಹಲ್ಲಿನಲ್ಲಿ ಕಡ್ಡಿ ಕಚ್ಚಿಕೊಂಡು ಕೇಳಿದ, ಆಮೇಲೆ ಅಂದ: "ಅಕಿ ಮಾತಾಡ್ತಾಳಲ್ಲ. ನಿನ್ನಕಿಂತ ಜಾಸ್ತಿನೇ ಮಾತಾಡ್ತಾಳ."

"ಅದು ಮಾತಲ್ಲ" ಅಂದೆ.

ಅವನು ಸುಮ್ಮನಾದ. ಅವನು ಸುಮ್ಮನಾದರೆ ನಾನು ಗೆದ್ದೆ ಎಂದೇ ಲೆಕ್ಕ ನಮ್ಮ ಮನೆಯಲ್ಲಿ.

ಕ್ಯಾಂಪಿನ ಶಾಲೆಗೆ ಹೋದೆ. ಸೀಟು ಇಲ್ಲ ಅಂದರು. ಎಲ್ಲಿರುತ್ತೀರಿ ಎಂದು ಕೇಳಿದರು. ತಗಡಿನ ಶೆಡ್ಡು ಅಂದೆ. ನಿಮ್ಮ ಜನ ಕೆಲಸ ಮುಗಿದರೆ ಬೇರೆ ಕಡೆ ಹೋಗಿಬಿಡುತ್ತೀರಿ, ಸೀಟು ಹಾಳಾಗುತ್ತದೆ ಅಂದರು. ನಿಮ್ಮ ಜನ! ಇವರ ಶಾಲೆಯ ಹೊಸ ಮಾಳಿಗೆಗೆ ಮಾಲು ಹೊತ್ತವಳು ಯಂಕವ್ವ. ಮಾಳಿಗೆ ಬೇಕು, ಮಕ್ಕಳು ಬೇಡ.

ನಾಳೆ ಸಂಘದ ಸಭೆ ಕರೆಯುತ್ತೇನೆ.

20 ಜೂನ್

ಗೆದ್ದೆವು. ಮೂರು ದಿನ, ನಲವತ್ತು ಹೆಂಗಸರು, ಶಾಲೆಯ ಗೇಟಿನ ಮುಂದೆ ಖಾಲಿ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತೆವು. ಘೋಷಣೆ ಕೂಗಿ ಕೂಗಿ ಗಂಟಲು ಹರಿದುಹೋಗಿದೆ. ಇವತ್ತು ಮಧ್ಯಾಹ್ನ ಹೆಡ್ ಮೇಡಂ ತಾವೇ ಹೊರಗೆ ಬಂದು ಸೀಟು ಕೊಡುತ್ತೇವೆ ಅಂದರು. ಸಂಘದ ಹಿರಿಯ ಅವ್ವಣ್ಣ ಕಾಕಾ ಸೋನಾಲಿಗೆ ಹಾರ ಹಾಕಿದ. ಮರಾಠಿ ಪೇಪರಿನವನು ಫೋಟೋ ತೆಗೆದ. ಸೋನಾಲಿ ಗುಂಪಿನಲ್ಲಿ ಅಪ್ಪನನ್ನು ಹುಡುಕಿ ಅಂಗೈ ಆಡಿಸಿದಳು. ಸಾಕು, ಸಾಕು. ಎಲ್ಲರೂ ನಕ್ಕರು. ನಾನೂ ನಕ್ಕೆ.

7 ಜುಲೈ

ಮಶೀನ್ ಬಂತು. ಎದೆಯ ಮೇಲೆ ಚೀಲದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ, ಅದರಿಂದ ಕಿವಿಗೆ ವೈರು. ಅವಳು ಎರಡು ಸಲ ಕಿತ್ತು ಎಸೆದಳು.

ಮೇಡಂ ತಾಯಂದಿರನ್ನು ಕೂರಿಸಿ ನಿಯಮ ಹೇಳಿದರು. ಒಂದು, ಮನೆಯಲ್ಲಿ ಒಂದೇ ಭಾಷೆ, ಅದು ಮರಾಠಿ. ಎರಡು ಭಾಷೆಯಾದರೆ ಮಗು ಎರಡನ್ನೂ ಕಲಿಯುವುದಿಲ್ಲ. ಎರಡು, ಕೈಸನ್ನೆ ಪೂರ್ತಿ ಬಂದ್. ಕೈ ಸುಲಭ, ಸುಲಭದ ದಾರಿ ಸಿಕ್ಕರೆ ಬಾಯಿ ಸೋಮಾರಿಯಾಗುತ್ತದೆ. ತರಗತಿಯಲ್ಲಿ ಮಕ್ಕಳು ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದವು. ಮೇಡಂ ಕೆಟ್ಟವರಲ್ಲ. ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಾರೆ. ಅಲ್ಲಿ ಚೆನ್ನಾಗಿ ಮಾತು ಕಲಿತ ಮಕ್ಕಳೂ ಇದ್ದಾರೆ, ಕಣ್ಣಾರೆ ಕಂಡೆ. ಅವರ ಅಪ್ಪ ಅವ್ವ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರು, ಮನೆಯಲ್ಲಿ ಮರಾಠಿಯವರು.

ಮನೆಗೆ ಬಂದು ಎಲ್ಲರಿಗೂ ಹೇಳಿದೆ. ಅತ್ತೆ ಬಸವಣ್ಣೆವ್ವನಿಗೆ ಮರಾಠಿ ಬರುವುದಿಲ್ಲ. ಹಾಗಾದರೆ ಕೂಸಿನ ಮುಂದೆ ಮಾತಾಡಬೇಡ ಅತ್ತಿ, ಅಂದೆ.

"ನಾ ಮಾತಾಡಿದ್ರ ಅಕಿ ಕಿವಿ ಕೆಡತಾವೇನು? ಕೆಟ್ಟದ್ದು ಕೆಟ್ಟೇ ಹೋಗ್ಯಾವಲ್ಲ" ಅಂದಳು ಮುದುಕಿ. ನಗುತ್ತಲೇ ಅಂದಳು. ನಾನು ನಗಲಿಲ್ಲ. ನಿಯಮ ಅಂದರೆ ನಿಯಮ ಅಂದೆ.

ಈ ಮಾತು ನನ್ನ ಬಾಯಿಂದ ಬಂದದ್ದು ಬಹುಶಃ ಇದೇ ಮೊದಲು.

22 ಆಗಸ್ಟ್

ಅಂದಳು! "ಪಾ" ಅಂದಳು. ಪಾಣಿ. ನೀರು ಕೇಳಿದಳು, ಬಾಯಿಂದ. ಮೇಡಂ ನನ್ನ ಮುಂದೆ ಮೂರು ಸಲ ಹೇಳಿಸಿದರು. ಕತ್ತಿನ ನರ ಉಬ್ಬಿತ್ತು, ಮುಖ ಕೆಂಪಾಗಿತ್ತು, ಆದರೂ ಅಂದಳು. ನಾನು ಅತ್ತುಬಿಟ್ಟೆ. ಕ್ಯಾಂಪಿನಿಂದ ಮನೆಯ ತನಕ ಸಿಕ್ಕವರಿಗೆಲ್ಲ ಹೇಳುತ್ತ ಬಂದೆ.

ತಾಯಪ್ಪ ಮಿಕ್ಸರ್ ತೊಳೆಯುತ್ತಿದ್ದ. ಹೇಳಿದೆ. ಕೈ ಒರೆಸಿಕೊಂಡ.

"ಅಕಿ ನೀರು ಕೇಳ್ಲಿಕ್ ಹತ್ತಿ ನಾಲ್ಕು ವರ್ಷ ಆತು" ಅಂದ.

ಒಂದು ದಿನವಾದರೂ ನನ್ನ ಜೊತೆ ಖುಷಿಪಡಬಾರದೇ ಈ ಮನುಷ್ಯ?

14 ಅಕ್ಟೋಬರ್

ಶಾಲೆಯಿಂದ ಚೀಟಿ. ಮಗು ಇನ್ನೂ ಕೈ ಬಳಸುತ್ತಿದ್ದಾಳೆ, ಮನೆಯ ಸಹಕಾರ ಇಲ್ಲ, ಹೀಗಾದರೆ ಸೀಟು ಬೇರೆಯವರಿಗೆ.

ಊಟಕ್ಕೆ ಕೂತಿದ್ದೆವು. ಸೋನಾಲಿ ನನ್ನ ಕಡೆ ನೋಡಿ ತೋರುಬೆರಳು ಸುತ್ತಿದಳು. ಇನ್ನೊಂದು ರೊಟ್ಟಿ. ಬಾಯಿಂದ ಕೇಳು ಅಂದೆ, ಮರಾಠಿಯಲ್ಲಿ. ಮತ್ತೆ ಸುತ್ತಿದಳು. ನನ್ನ ಕೈಯಲ್ಲಿ ಸೌಟು ಇತ್ತು.

ಹೊಡೆದೆ. ಬೆರಳಿನ ಮೇಲೆ.

ತಾಯಪ್ಪ ಅರ್ಧ ಊಟಕ್ಕೆ ಎದ್ದು ಹೋದ. ಅತ್ತೆ ಏನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿದಳು.

ಅವಳ ಒಳ್ಳೆಯದಕ್ಕೇ ಹೊಡೆದದ್ದು. ಅವಳ ಒಳ್ಳೆಯದಕ್ಕೆ. ಎರಡು ಸಲ ಬರೆದೆ, ಆದರೂ ಅಕ್ಷರ ಗಟ್ಟಿಯಾಗುತ್ತಿಲ್ಲ.

7 ಡಿಸೆಂಬರ್

ನಿನ್ನೆ ದಾದರ್‌ಗೆ ಹೋಗಿದ್ದೆ, ಚೈತ್ಯಭೂಮಿಗೆ. ಲಕ್ಷ ಜನ. ಪ್ರತಿವರ್ಷದಂತೆ ದಾರಿಯುದ್ದಕ್ಕೂ ಹಾಡಿದೆ.

ಅತ್ತೆ ಊರಿಗೆ ಹೋಗುತ್ತೇನೆ ಎಂದು ಗಂಟು ಕಟ್ಟಿದ್ದಾಳೆ. ಮಾತಾಡಬಾರದ ಮನೆಯಲ್ಲಿ ಕೂತು ಏನು ಮಾಡಲಿ ಅನ್ನುತ್ತಾಳೆ. ಹೋಗಲಿ.

ಸೋನಾಲಿಗೆ ಈಗ ಹನ್ನೆರಡು ಪದ ಬರುತ್ತವೆ. ಹನ್ನೆರಡರಲ್ಲಿ ಐದು ನನಗೆ ತಿಳಿಯುತ್ತವೆ. ಶಿಸ್ತು ಬಂದಿದೆ ಎಂದು ಮೇಡಂ ಹೇಳಿದರು. ನಿಜ. ಮನೆಯಲ್ಲೂ ಕೈ ತೊಡೆಯ ಕೆಳಗೆ ಇಟ್ಟುಕೊಂಡೇ ಕೂರುತ್ತಾಳೆ. ಇನ್ನೊಂದು ರೊಟ್ಟಿ ಕೇಳುವುದಿಲ್ಲ. ತಟ್ಟೆಗೆ ಹಾಕಿದ್ದಷ್ಟು ತಿಂದು ಏಳುತ್ತಾಳೆ. ಮೊದಲಿನ ಹಟ ಇಲ್ಲ. ಯಾವ ತೊಂದರೆಯೂ ಇಲ್ಲ.

18 ಜನವರಿ 1998

ತಾಯಪ್ಪನ ಎಡಗಾಲು ಮುರಿದಿದೆ. ಮೊಣಕಾಲ ಕೆಳಗೆ ಎರಡು ಕಡೆ.

ಇವತ್ತು ಮೂರನೇ ಸ್ಲ್ಯಾಬ್ ಹಾಕುವ ದಿನ. ಭಾನುವಾರ, ಶಾಲೆ ಇಲ್ಲ, ಸೋನಾಲಿ ಎದುರಿನ ಮರಳಿನ ಗುಡ್ಡೆಯ ಮೇಲೆ ಕೂತಿದ್ದಳು. ಮಿಕ್ಸರ್ ಹಿಂದಿನ ಗೋಡೆಗೆ ಸ್ಲ್ಯಾಬಿನ ಕೆಳಗೆ ಹಾಸುವ ಸೆಂಟ್ರಿಂಗ್ ತಗಡುಗಳನ್ನು ಒರಗಿಸಿ ಇಟ್ಟಿದ್ದರು. ಅವು ಜಾರಿ ಒಟ್ಟಿಗೆ ಅವನ ಮೇಲೆ ಬಿದ್ದವು. ನಾನು ಮೂರನೇ ಮಾಳಿಗೆಯಲ್ಲಿದ್ದೆ. ಮೇಲಿನಿಂದ ಕಂಡೆ, ಕೂಗಿದೆ. ನನ್ನ ಗಂಟಲು, ಸಾವಿರ ಜನರ ಸಭೆಗೆ ಮೈಕ್ ಬೇಡದ ಗಂಟಲು. ಮಿಕ್ಸರ್ ತಿರುಗುತ್ತಿತ್ತು. ಯಾರಿಗೂ ಕೇಳಲಿಲ್ಲ.

20 ಜನವರಿ

ಯಂಕವ್ವ ದವಾಖಾನೆಗೆ ಬಂದಿದ್ದಳು. ತಾಯಪ್ಪನಿಗೆ ಜೋಳದ ಭಕ್ರಿ ಕೊಟ್ಟು, ನನ್ನನ್ನು ಮೆಟ್ಟಿಲ ಹತ್ತಿರ ಕರೆದಳು. ಬಹಳ ಹೊತ್ತು ಸೆರಗಿನ ಅಂಚು ಹಿಚುಕಿದಳು. ಆಮೇಲೆ ಹೇಳಿದಳು. ಅವಳ ಮಾತನ್ನು ಹಾಗೇ ಬರೆಯುತ್ತೇನೆ, ತಿದ್ದುವುದಿಲ್ಲ.

"ಅಕ್ಕಾ, ಕೂಸು ನೋಡಿತ್ತು. ತಗಡ ಜಾರ್ಲಿಕ್ ಹತ್ತಿದ್ದು ಅದು ಮೊದಲೇ ನೋಡಿತ್ತು. ಬಾಯಿ ತಗದು ತಗದು ಮುಚ್ಚತಿತ್ತು. ಪಾ ಪಾ ಅಂತಿತ್ತೋ ಏನೋ, ಆ ಸಪ್ಪಳದಾಗ ಯಾರಿಗಿ ಕೇಳ್ತದ? ನಾ ನೀರಡಿಕಿ ಆಗ್ಯಾದ ಅಂತ ತಿಳಕೊಂಡು ಸುಮ್ ಬಿಟ್ಟೆ. ಎರಡೂ ಕೈ ತೊಡಿ ಕೆಳಗೇ ಇದ್ದುವು. ಗಟ್ಟಿ ಒತ್ತಿ ಹಿಡದಿತ್ತು. ಅಣ್ಣ ಹತ್ತು ಸಲ ಅಕಿ ಕಡಿ ನೋಡ್ತಾನ, ನಿನಗ್ ಗೊತ್ತದ. ಆಗೂ ನೋಡಿದ. ಮುಷ್ಟಿ ಒಂದು ಎತ್ತಿದ್ರ ಸರದು ನಿಲ್ತಿದ್ದ."

21 ಜನವರಿ

ಮುಷ್ಟಿ ಒಂದು ಎತ್ತಿದ್ದರೆ.

24 ಜನವರಿ

ಬರೆಯಲು ಆಗುತ್ತಿಲ್ಲ.

2 ಫೆಬ್ರವರಿ

ಬರಿ ಚಂದಮ್ಮ. ನಮ್ಮನ್ನು ಕೂಲಿಗೆ ಹಿಡಿಯುವ ಮುಕಾದಮನ ತಪ್ಪುಗಳನ್ನು ಹಾಳೆಗಟ್ಟಲೆ ಬರೆದವಳು, ಈಗ ನಿನ್ನದು ಬರಿ.

ತಗಡನ್ನು ಹಾಗೆ ಒರಗಿಸಿದ್ದು ಮುಕಾದಮನ ತಪ್ಪು. ಅದಕ್ಕೆ ದೂರು ಕೊಟ್ಟಾಗಿದೆ, ಅವನನ್ನು ಬಿಡುವುದಿಲ್ಲ. ಆದರೆ ಕೂಸಿನ ಕೈ ಕಟ್ಟಿದವನು ಮುಕಾದಮ ಅಲ್ಲ. ಮೇಡಂ ನಿಯಮ ಹೇಳಿದರು, ಸೌಟು ಕೊಡಲಿಲ್ಲ. ಅತ್ತೆಯ ಬಾಯಿ ಮುಚ್ಚಿಸಿದ್ದು ನೀನು. ಗಂಡ ಮನೆಯಲ್ಲಿ ಕೈಯನ್ನು ಬಗಲಲ್ಲಿ ಸಿಕ್ಕಿಸಿಕೊಂಡು ತಿರುಗುವಂತೆ ಮಾಡಿದ್ದು ನೀನು. ನಮ್ಮ ಬಾಯಿ ಮುಚ್ಚಿಸಿದವರನ್ನು ನಾನು ಊರೂರು ತಿರುಗಿ ಬೈದೆ. ಅವರೂ ನಿಮ್ಮ ಒಳ್ಳೆಯದಕ್ಕೇ ಅನ್ನುತ್ತಿದ್ದರು. ಥೂ.

ತಾಯಪ್ಪನಿಗೆ ಯಂಕವ್ವ ಹೇಳಿದ್ದನ್ನು ಹೇಳಿದೆ. ನನಗೆ ಬೈಯಲಿ ಎಂದು ಹೇಳಿದೆ. ಅವನು ಪ್ಲಾಸ್ಟರ್ ಹಾಕಿದ ಕಾಲು ನೋಡುತ್ತಿದ್ದ.

"ನಾ ನೋಡಿದ್ದೆ. ಬಾಯಿ ತಗೀತಿದ್ಲು. ಬಾಯಿಂದ ಏನಂತಾಳ ಅಂತ ನನಗ್ ತಿಳೀಲಿಲ್ಲ" ಅಂದ.

ಅಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು.

23 ಫೆಬ್ರವರಿ

ಸ್ವಾರಗೇಟ್ ಬಸ್ ನಿಲ್ದಾಣದಿಂದ ಸರಕಾರಿ ಬಸ್ಸಿನಲ್ಲಿ ಇಂದಾಪುರಕ್ಕೆ ಹೋದೆ. ಸೋನಾಲಿ ಕಿಟಕಿಯ ಪಕ್ಕ, ಕೈ ತೊಡೆಯ ಕೆಳಗೆ. ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲು. ಒಂದು ಎತ್ತು ನಮ್ಮ ಬಸ್ಸಿಗೆ ಕೋಡು ತೋರಿಸಿದಾಗ ಅವಳು ನನ್ನ ಕಡೆ ತಿರುಗಿದಳು, ಏನೋ ಹೇಳುವಂತೆ. ಆಮೇಲೆ ಕಿಟಕಿಗೇ ತಿರುಗಿದಳು.

ಶಾಲೆ ಊರ ಹೊರಗೆ. ಹಳೇ ಹೆಂಚಿನ ಕಟ್ಟಡ, ಗೋಡೆಯ ಗಿಲಾಯಿ ಉದುರಿದೆ. ಒಳಗೆ ಕಾಲಿಟ್ಟ ಕೂಡಲೇ ಬೆಚ್ಚಿದೆ. ಅರವತ್ತು ಮಕ್ಕಳು ಅಂಗಳದಲ್ಲಿ ಜಗಳ ಆಡುತ್ತಿದ್ದವು, ಚಾಡಿ ಹೇಳುತ್ತಿದ್ದವು, ಒಬ್ಬಳು ಇನ್ನೊಬ್ಬಳನ್ನು ಅಣಕಿಸಿ ತೋರಿಸುತ್ತಿದ್ದಳು. ಎಲ್ಲ ಕೈಯಲ್ಲಿ. ಸ್ಲ್ಯಾಬ್ ದಿನದ ಸೈಟ್ ಇದ್ದ ಹಾಗೆ ಇತ್ತು, ಮಿಕ್ಸರ್ ಒಂದಿಲ್ಲ. ಸೋನಾಲಿ ನನ್ನ ಸೀರೆಯ ಹಿಂದೆ ನಿಂತು ನೋಡುತ್ತಿದ್ದಳು. ಬಾಯಿ ತಾನಾಗಿ ತೆರೆದುಕೊಂಡಿತ್ತು.

ದಿಗಂಬರ ಗುರುಜಿ ಎಂಬುವವರು ಬಂದರು. ಚಿತ್ರ ಕಲಿಸುತ್ತಾರೆ. ಅವರಿಗೂ ಕಿವಿ ಕೇಳುವುದಿಲ್ಲ. ಕೈಯಲ್ಲಿ ಪಾಟಿ, ಬಳಪ. ಸೋನಾಲಿಯ ಎದುರು ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿ ಏನೋ ಕೇಳಿದರು. ಅವಳು ಎರಡೂ ಕೈ ಬೆನ್ನ ಹಿಂದೆ ತೆಗೆದುಕೊಂಡಳು. ಅವರು ಎದ್ದು ಪಾಟಿಯ ಮೇಲೆ ಮರಾಠಿಯಲ್ಲಿ ಬರೆದು ನನಗೆ ತೋರಿಸಿದರು: ಇವಳ ಕೈಗೆ ಹೊಡೆದವರು ಯಾರು?

ಶಾಲೆ ಎಂದು ಬರೆಯಬಹುದಿತ್ತು. ಬಳಪ ಇಸಿದುಕೊಂಡೆ. ನಾನು, ಎಂದು ಬರೆದೆ.

ಅವರು ಅಂಗೈಯಿಂದ ಅದನ್ನು ಒರೆಸಿದರು. ಕೆಳಗೆ ಬರೆದರು: ಎಲ್ಲ ತಾಯಂದಿರೂ ಇದನ್ನೇ ಬರೆಯುತ್ತಾರೆ. ಜೂನ್‌ನಲ್ಲಿ ಬನ್ನಿ. ತಿಂಗಳಿಗೆ ಎರಡು ಭಾನುವಾರ ನೀವೂ ಕಲಿಯಲು ಬರಬೇಕು.

ಅವರ ಬೆರಳುಗಳು ಉದ್ದ, ಗಂಟು ಗಂಟು, ಉಗುರಲ್ಲಿ ನೀಲಿ ಬಣ್ಣ. ತಿರುಗಿ ಬರುವ ಬಸ್ಸಿನಲ್ಲಿ ಕಂಡಕ್ಟರ್ ಚೀಟಿ ಹರಿಯುವಾಗ ಅವನ ಬೆರಳನ್ನೂ ನೋಡಿದೆ. ಯಾಕೋ ಗೊತ್ತಿಲ್ಲ.

9 ಮಾರ್ಚ್

ಕ್ಯಾಂಪಿನ ಶಾಲೆ ಬಿಡಿಸುತ್ತೇನೆ ಎಂದು ಸಂಘದಲ್ಲಿ ಹೇಳಿದೆ. ನಲವತ್ತು ಜನ ಹೆಂಗಸರೂ ಬಂದಿದ್ದರು. ಅವರಲ್ಲಿ ಹದಿನೇಳು ಜನ ಆ ಮೂರು ದಿನದ ಹಾಜರಿ, ಕೂಲಿ ಎರಡನ್ನೂ ಕಳೆದುಕೊಂಡವರು. ಅವ್ವಣ್ಣ ಕಾಕಾ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ.

"ಚಂದಮ್ಮ, ನಾಳಿ ಇನ್ನೊಬ್ಬರ ಕೂಸಿಗಿ ಸೀಟು ಕೇಳ್ಲಿಕ್ ಹೋದ್ರ ಅವರು ಏನಂತಾರ? ಕೊಟ್ಟಿದ್ದೆವು, ಬಿಟ್ಟು ಓಡಿದ್ರು, ನಿಮ್ಮ ಜನ ಹಿಂಗೇ ಅಂತಾರ. ಅವರ ಬಾಯಿಗಿ ನೀನೇ ಮಾತು ಕೊಟ್ಟಂಗಾತು."

ಮುದುಕ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಭಾಷಣ ಮಾಡಬೇಕೆಂದು ಎದ್ದೆ. ಬರಲಿಲ್ಲ.

"ಸೀಟಿಗಾಗಿ ಕೂತವರು ನಾವು ಕಾಕಾ" ಅಂದೆ. "ಸೀಟಿನ ಮ್ಯಾಲ ಕೂತಾಕಿ ಅಕಿ."

ಕಾಕಾ ಟೋಪಿ ಹಾಕಿಕೊಂಡು ಹೋದ. ಯಂಕವ್ವ ಮಾತ್ರ ನನ್ನ ಬುಟ್ಟಿ ಎತ್ತಿಕೊಟ್ಟಳು.

ಶಾಲೆಗೆ ಹೋಗಿ ಅರ್ಜಿ ಕೊಟ್ಟೆ. ಕಾರಣ ಎಂದು ಒಂದು ಗೆರೆ ಇತ್ತು. ಮೇಡಂ ಬೇಸರದಿಂದ ಹೇಳಿದರು, ಇನ್ನೆರಡು ವರ್ಷ ತಾಳಿದ್ದರೆ ಮಾತಾಡುತ್ತಿದ್ದಳು. ಇರಬಹುದು. ಅದೂ ಇರಬಹುದು. ಅವಳ ಮಾತನ್ನು ನಾನೇ ಎರಡು ಸಲ ಕೊಂದೆನೋ ಏನೋ. ಕಾರಣದ ಗೆರೆ ಖಾಲಿ ಬಿಟ್ಟೆ.

14 ಏಪ್ರಿಲ್

ಜಯಂತಿ. ಹಾಡಿದೆ. ಮೂರನೇ ನುಡಿಯಲ್ಲಿ ಕಣ್ಣು ಕೆಳಗೆ ಬಿತ್ತು. ತಾಯಪ್ಪ ಊರುಗೋಲು ಪಕ್ಕಕ್ಕಿಟ್ಟು ಕೂತು, ಸೋನಾಲಿಗೆ ನನ್ನ ಹಾಡನ್ನು ಕೈಯಲ್ಲಿ ಹೇಳುತ್ತಿದ್ದ. ಕಲ್ಲು ಒಡೆಯುವುದು, ಹೊರುವುದು, ಕೆರೆಯ ನೀರು, ಬೊಗಸೆ. ಅವಳು ಅವನ ಕೈಯನ್ನೇ ನೋಡುತ್ತಿದ್ದಳು, ತನ್ನದನ್ನು ಎತ್ತಲಿಲ್ಲ. ನನಗೆ ನಾಲ್ಕನೇ ನುಡಿ ಮರೆತುಹೋಯಿತು. ಹದಿನೈದು ವರ್ಷದಲ್ಲಿ ಮೊದಲ ಸಲ. ಜನರೇ ಹಾಡಿ ಮುಗಿಸಿದರು.

ಮನೆಯಲ್ಲಿ ಅವನಿಗೆ ನನಗೂ ಕಲಿಸು ಅಂದೆ.

"ನಿನಗ್ ಬರ್ತದಲ್ಲ, ಹತ್ತು ವರ್ಷ ಮಾಲು ಹೊತ್ತೀದಿ."

"ಕೆಲಸದ್ದು ಬರ್ತದ. ಕೂಸಿನ ಜೋಡಿ ಮಾತಾಡೂದು ಬರಂಗಿಲ್ಲ."

ಅವನು ನಕ್ಕ. ಕಾಲು ಮುರಿದ ಮೇಲೆ ಮೊದಲ ಸಲ ನಕ್ಕ.

15 ಜೂನ್

ಬಿಟ್ಟು ಬಂದೆ.

ತಪ್ಪಿಗೆ ತಪ್ಪು ಕೂಡಿಸಿದೆನೋ ಗೊತ್ತಿಲ್ಲ. ಆರು ವರ್ಷದ ಕೂಸು, ಇಪ್ಪತ್ತು ಹಾಸಿಗೆಯ ಕೋಣೆ, ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಹೆಸರು. ಕೈ ಬಿಡಿಸಿಕೊಡಲು ಅವಳನ್ನೇ ಬಿಟ್ಟು ಬರಬೇಕಾಯಿತು. ಇದಕ್ಕೂ ಒಂದು ದಿನ ಅವಳು ಲೆಕ್ಕ ಕೇಳುತ್ತಾಳೆ. ಕೇಳಲಿ. ಯಾವುದರಲ್ಲಿ ಕೇಳಿದರೂ ನನಗೆ ತಿಳಿಯುವಂತಾಗಿರಲಿ.

ತಾಯಪ್ಪ ಅವಳ ಜೊತೆ ಅಂಗಳದಲ್ಲಿ ಕೂತು ಬಹಳ ಹೊತ್ತು ಮಾತಾಡಿದ. ನಾನು ಎದುರಿಗೆ ನಿಂತು, ಎರಡು ತಿಂಗಳು ಕಲಿತದ್ದನ್ನು ಹೇಳಿದೆ. ಭಾನುವಾರ. ಅವ್ವ. ಬರ್ತಾಳ. ಎಲ್ಲ ಕಲಸಿಹೋಯಿತು. ಅವಳು ನನ್ನ ಮುಖ ನೋಡಿದಳು. ದೊಡ್ಡ ಹುಡುಗಿಯೊಬ್ಬಳು ಬಂದು ಅವಳ ರಟ್ಟೆ ಹಿಡಿದು ಕರೆದುಕೊಂಡು ಹೋದಳು.

ಬಸ್ಸು ಶಾಲೆಯ ಎದುರೇ ನಿಲ್ಲುತ್ತದೆ. ಹತ್ತಿ ಕೂತೆವು. ಹಳೇ ಎಂಜಿನ್, ತಗಡೆಲ್ಲ ನಡುಗುವ ಸದ್ದು, ಪಕ್ಕದಲ್ಲಿ ಕೂತ ತಾಯಪ್ಪ ಏನೋ ಅಂದದ್ದೂ ನನಗೆ ಕೇಳಲಿಲ್ಲ. ಅವನು ಭುಜ ಮುಟ್ಟಿ ಗೇಟಿನ ಕಡೆ ತೋರಿಸಿದ.

ಸೋನಾಲಿ ಗೇಟಿನ ಸರಳುಗಳ ಹಿಂದೆ ನಿಂತಿದ್ದಳು. ಅಪ್ಪನನ್ನು ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಬಲಗೈ ಸರಳಿನ ನಡುವಿನಿಂದ ಹೊರಗೆ ಬಂತು. ತೋರುಬೆರಳು ನಿಂತಿತು. ನಾನು ಸೌಟಿನಿಂದ ಹೊಡೆದ ಬೆರಳು. ಗಾಳಿಯಲ್ಲಿ ಒಂದು ಸುತ್ತು ಸುತ್ತಿತು.

ಅವಳು ಕ್ಷಮಿಸಿದಳು ಎಂದು ಬರೆಯುವುದಿಲ್ಲ. ಸೈಟಿನಲ್ಲಿ ಅದಕ್ಕೆ ಒಂದೇ ಅರ್ಥ: ಇನ್ನೊಂದು ಬುಟ್ಟಿ ತಾ.

ನಾನು ಕಿಟಕಿಯಿಂದ ಮೊಣಕೈತನಕ ಕೈ ಹೊರಗೆ ಹಾಕಿ, ಬೆರಳು ಸುತ್ತಿ ತೋರಿಸಿದೆ. ತರುತ್ತೇನೆ.